ನಾಯಬ್ ಸುಬೇದಾರ್, ಪೆಟ್ಟಿ ಆಫೀಸರ್, ಸಾರ್ಜೆಂಟ್: ಮೈಕ್ ಮುಂದೆ ಇವರನ್ನು ಹೇಗೆ ಕರೆಯಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಇಷ್ಟು. ನೀವು ಶಾಲೆಯ ಶಿಕ್ಷಕಿ. ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮ ಇದೆ, ನಿರೂಪಣೆ ನಿಮ್ಮದು. ಮೂವರು ಮಾಜಿ ಸೈನಿಕರು ಬರುತ್ತಾರೆ: ಭೂಸೇನೆಯ ನಾಯಬ್ ಸುಬೇದಾರ್, ನೌಕಾಪಡೆಯ ಪೆಟ್ಟಿ ಆಫೀಸರ್, ವಾಯುಪಡೆಯ ಸಾರ್ಜೆಂಟ್. ಕಾರ್ಡಿನಲ್ಲಿ ಏನು ಹಾಕಿಸಬೇಕು, ಮೈಕಿನಲ್ಲಿ ಏನು ಹೇಳಬೇಕು, ಎದುರಿಗೆ ಸಿಕ್ಕಾಗ ‘ಸರ್’ ಅಂದರೆ ಸಾಕಾ?

ಎದುರಿಗೆ ಸಿಕ್ಕಾಗ ‘ಸರ್’ ಸಾಕು ಮೇಡಂ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಡವಟ್ಟು ಆಗುವುದೆಲ್ಲ ಮೈಕಿನಲ್ಲಿ ಮತ್ತು ಫ್ಲೆಕ್ಸ್‌ನಲ್ಲಿ. ನಾನು ವಾಯುಪಡೆಯಲ್ಲಿ 20 ವರ್ಷ ಇದ್ದು ಸಾರ್ಜೆಂಟ್ ಆಗಿ ಹೊರಗೆ ಬಂದವನು. ಅಪ್ಪ ಭೂಸೇನೆಯಲ್ಲಿ ಹವಾಲ್ದಾರ್ ಆಗಿದ್ದರು, ಭಾವ ನೌಕಾಪಡೆಯವರು. ಹಾಗಾಗಿ ಇಂಥ ಎಡವಟ್ಟುಗಳನ್ನು ಮನೆಮಂದಿಯೆಲ್ಲ ಅನುಭವಿಸಿದ್ದೇವೆ.

ಒಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದೂರಿನ ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ವೇದಿಕೆ ಹಿಂದಿನ ಫ್ಲೆಕ್ಸ್‌ನಲ್ಲಿ ದೊಡ್ಡದಾಗಿ ‘ನಾಯಕ್ ಸುಬೇದಾರ್’ ಅಂತ ಇತ್ತು. ಡಿಟಿಪಿ ಹುಡುಗ ‘ಬ್’ ಜಾಗದಲ್ಲಿ ‘ಕ್’ ಒತ್ತಿದ್ದ. ನಿರೂಪಕರು ಅದನ್ನೇ ನೋಡಿ ‘ನಾಯಕ್’ ಅವರೇ ಅಂತ ಕರೆದರು. ಸಭೆಯಲ್ಲಿದ್ದ ಅರ್ಧ ಜನ ಅದು ಅವರ ಮನೆತನದ ಹೆಸರು ಅಂದುಕೊಂಡರು. ಆ ಹಿರಿಯರು ನಗುತ್ತಲೇ ಹಾರ ಹಾಕಿಸಿಕೊಂಡರು. ಕೆಳಗೆ ಬಂದ ಮೇಲೆ ನನ್ನ ಕಿವಿಯಲ್ಲಿ, ‘ಇಪ್ಪತ್ತಾರು ವರ್ಷ ತಗೊಂಡು ಹತ್ತಿದ್ದೆ, ಒಂದೇ ಅಕ್ಷರದಲ್ಲಿ ಇಳಿಸಿಬಿಟ್ರು’ ಅಂದರು.

ಅವರು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ. ಭೂಸೇನೆಯ ಮೆಟ್ಟಿಲುಗಳು ಹೀಗಿವೆ: ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ತೋಳಿನ ಮೇಲೆ ಲ್ಯಾನ್ಸ್ ನಾಯಕ್‌ಗೆ ಒಂದು ಪಟ್ಟಿ, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಅಲ್ಲಿಗೆ ಪಟ್ಟಿ ಮುಗಿದು ಭುಜದ ಮೇಲೆ ನಕ್ಷತ್ರ ಶುರು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಈ ಮೂವರಿಗೂ ಸೇರಿ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಅನ್ನುತ್ತಾರೆ. ಹೆಸರಲ್ಲಿ ಆಫೀಸರ್ ಇದ್ದರೂ, ಸೇನೆಯಲ್ಲಿ ಅಧಿಕಾರಿ ಅನ್ನುವುದು ಇವರ ಮೇಲಿನ ಲೆಫ್ಟಿನೆಂಟ್, ಕ್ಯಾಪ್ಟನ್ ಮುಂತಾದವರಿಗೆ. ನಾಯಕ್ ಅಂದರೆ ನಾಯಬ್‌ಗಿಂತ ಎರಡು ಮೆಟ್ಟಿಲು ಕೆಳಗೆ.

ಲ್ಯಾನ್ಸ್ ನಾಯಕ್ ಅನ್ನುವ ಪದ ನಮ್ಮ ಜನಕ್ಕೆ ಬಾಯಿಪಾಠ ಆಗಿದ್ದು 2016ರ ಫೆಬ್ರುವರಿಯಲ್ಲಿ. ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹಿಮದಡಿ ಸಿಕ್ಕಿದ್ದು ಜೀವಂತವಾಗಿ ಹೊರಬಂದು, ಆಮೇಲೆ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಂದ. ಅದೇ ಹಿಮಪಾತದಲ್ಲಿ ಹೋದ ಹಾಸನ ಕಡೆಯ ನಾಗೇಶ ಅವರು ಸುಬೇದಾರ್. ಎಚ್.ಡಿ. ಕೋಟೆ ಕಡೆಯ ಮಹೇಶ್ ಸಿಪಾಯಿ. ಆಗ ಟಿವಿಯಲ್ಲಿ ಎಲ್ಲರನ್ನೂ ಒಟ್ಟಿಗೆ ‘ಯೋಧ’ ಅಂದರು, ಅದು ಸರಿಯೇ. ಆದರೆ ಒಬ್ಬೊಬ್ಬರ ಹೆಸರು ಹೇಳುವಾಗ ಅವರವರ ಶ್ರೇಣಿ ಹೇಳಬೇಕು.

ಈಗ ಮುಖ್ಯ ವಿಷಯ. ಜೆಸಿಒಗಳನ್ನು ಸೇನೆಯೊಳಗೆ ಕರೆಯುವುದು ‘ಸಾಹೇಬ್’ ಅಂತ, ಬಾಯಲ್ಲಿ ‘ಸಾಬ್’ ಆಗುತ್ತದೆ. ಕೆಳಗಿನವರು ಮಾತ್ರ ಅಲ್ಲ, ಮೇಲಿನ ಅಧಿಕಾರಿಗಳೂ ಹಾಗೇ ಕರೆಯುತ್ತಾರೆ. ಈಗಷ್ಟೇ ಅಕಾಡೆಮಿಯಿಂದ ಬಂದ 22 ವರ್ಷದ ಲೆಫ್ಟಿನೆಂಟ್ ಕೂಡ ನಲವತ್ತು ದಾಟಿದ ಸುಬೇದಾರ್‌ಗೆ ‘ಸುಬೇದಾರ್ ಸಾಬ್’ ಅನ್ನುತ್ತಾನೆ. ಇವರು ಅವನಿಗೆ ಸೆಲ್ಯೂಟ್ ಹೊಡೆದು ‘ಸರ್’ ಅನ್ನುತ್ತಾರೆ. ನಮ್ಮಪ್ಪ ಈ ಮಾತು ಬಂದರೆ ಊಟ ನಿಲ್ಲಿಸಿ ಹೇಳುತ್ತಿದ್ದರು. ಅವರ ಪ್ರಕಾರ ಇಡೀ ಪಲ್ಟನ್ ನಡೆಯುವುದೇ ಆ ‘ಸಾಬ್’ ಮೇಲೆ. ಹಾಗಾಗಿ ನಿಮ್ಮ ಅತಿಥಿಯನ್ನು ‘ಸಾಹೇಬ್ರೇ’ ಅಂತ ಕರೆದು ನೋಡಿ, ಮುಖ ಅರಳುತ್ತದೆ. ನಮ್ಮ ಕನ್ನಡದಲ್ಲೂ ಅದು ಹೊರಗಿನ ಮಾತಲ್ಲ.

ಹವಾಲ್ದಾರ್‌ವರೆಗಿನವರಿಗೆ ‘ಸಾಬ್’ ಸೇರಿಸುವುದಿಲ್ಲ. ಶ್ರೇಣಿ ಜೊತೆಗೆ ಹೆಸರು, ‘ಹವಾಲ್ದಾರ್ ಬಸವರಾಜ್’ ಅನ್ನುವ ಹಾಗೆ. ತರಬೇತಿ ಕೊಡುವವರಾದರೆ ಹುಡುಗರು ‘ಉಸ್ತಾದ್’ ಅನ್ನುತ್ತಾರೆ. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರ ಇದೆಯಲ್ಲ, ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ, ಅಲ್ಲಿನ ಸೈನಿಕರಿಗೆ ‘ತಂಬಿ’ ಅನ್ನುವ ಹೆಸರೇ ಇದೆ. ಅದು ಅವರವರ ನಡುವಿನ ಪ್ರೀತಿ. ಹೊರಗಿನವರು ಬಳಸಲು ಹೋಗಬೇಡಿ.

ಸಿಪಾಯಿ ಅನ್ನುವ ಪದಕ್ಕೂ ದಳಕ್ಕೊಂದು ಹೆಸರು. ಎಂಜಿನಿಯರ್ಸ್‌ನಲ್ಲಿ ಸ್ಯಾಪರ್, ತೋಪಖಾನೆಯಲ್ಲಿ ಗನ್ನರ್, ಟ್ಯಾಂಕಿನವರಲ್ಲಿ ಸವಾರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್. ಕಾರ್ಗಿಲ್ ಅಂದಮೇಲೆ ನಿಮ್ಮ ಭಾಷಣದಲ್ಲಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಮತ್ತು ಸಂಜಯ್ ಕುಮಾರ್ ಹೆಸರು ಬಂದೇ ಬರುತ್ತದೆ. 1999ರಲ್ಲಿ ಅವರು ಗ್ರೆನೇಡಿಯರ್, ಇವರು ರೈಫಲ್‌ಮನ್. ಹೆಸರು ಬೇರೆ, ಮೆಟ್ಟಿಲು ಒಂದೇ. ಯಾದವ್ ನಿವೃತ್ತರಾದದ್ದು ಗೌರವ ಕ್ಯಾಪ್ಟನ್ ಆಗಿ, ಆದ್ದರಿಂದ ಈಗಿನ ಅವರ ಹೆಸರಿಗೆ ಗ್ರೆನೇಡಿಯರ್ ಹಚ್ಚಬೇಡಿ. ಅಂದ ಹಾಗೆ ಸುಬೇದಾರ್ ಮೇಜರ್ ಅಂದರೆ ಮೇಜರ್ ಅಲ್ಲ. ‘ಮೇಜರ್ ಸಾಹೇಬ್ರು’ ಅಂದರೆ ಪಾಪ ಅವರಿಗೇ ಮುಜುಗರ.

ಕನ್ನಡದಲ್ಲಿ ಇನ್ನೊಂದು ತಾಪತ್ರಯ ಇದೆ. ಸೇನೆಯ ಎಷ್ಟೋ ಪದ ನಮ್ಮ ಕಚೇರಿಗಳಲ್ಲಿ ಬೇರೆ ಅರ್ಥದಲ್ಲಿ ಕೂತುಬಿಟ್ಟಿವೆ. ಜವಾನ ಅಂದರೆ ಫೈಲು ಹೊರುವವನು. ದಫೇದಾರ್ ಅಂದರೆ ಜಿಲ್ಲಾಧಿಕಾರಿ ಬಾಗಿಲಲ್ಲಿ ಅಡ್ಡಪಟ್ಟಿ ಹಾಕಿ ನಿಲ್ಲುವವರು. ಆದರೆ ಟ್ಯಾಂಕ್ ರೆಜಿಮೆಂಟಿನಲ್ಲಿ ದಫೇದಾರ್ ಅಂದರೆ ಹವಾಲ್ದಾರ್‌ಗೆ ಸಮ. ನಾಯಬ್ ಸುಬೇದಾರ್‌ಗೆ 1965ರವರೆಗೆ ಜಮಾದಾರ್ ಅಂತಲೇ ಹೆಸರಿತ್ತು. ಆದ್ದರಿಂದ ಸಭೆಯಲ್ಲಿ ‘ನಮ್ಮ ಜವಾನರು’ ಅನ್ನುವ ಬದಲು ‘ಯೋಧರು’ ಅಥವಾ ‘ಸೈನಿಕರು’ ಅನ್ನಿ. ಹಿಂದಿಯ ‘ಜವಾನ್’ ಕನ್ನಡಕ್ಕೆ ಬಂದ ಕೂಡಲೇ ಟೀ ತರುವವನಾಗಿಬಿಡುತ್ತಾನೆ.

ನೌಕಾಪಡೆಗೆ ಬಂದರೆ ಈ ಉರ್ದು-ಫಾರ್ಸಿ ಹೆಸರು ಯಾವುದೂ ಇಲ್ಲ. ಸೀಮನ್, ಲೀಡಿಂಗ್ ಸೀಮನ್, ಪೆಟ್ಟಿ ಆಫೀಸರ್, ಚೀಫ್ ಪೆಟ್ಟಿ ಆಫೀಸರ್, ಮಾಸ್ಟರ್ ಚೀಫ್. ಈ ಹೆಸರುಗಳನ್ನು ಭಾರತೀಯ ಪರಂಪರೆಗೆ ತಕ್ಕಂತೆ ಬದಲಿಸುವುದಾಗಿ 2023ರ ನೌಕಾಪಡೆ ದಿನದಂದು ಪ್ರಧಾನಿ ಹೇಳಿದ್ದರು. ನಿಮ್ಮ ಅತಿಥಿ ನಿವೃತ್ತಿಯಾದಾಗ ಇದ್ದ ಹೆಸರನ್ನೇ ಹಾಕಿ. ಪೆಟ್ಟಿ ಆಫೀಸರ್ ಅಂದರೆ ಭೂಸೇನೆಯ ಹವಾಲ್ದಾರ್‌ಗೆ ಸಮ. ದಯವಿಟ್ಟು ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಡಿ. ನಮಗೆ ಪೆಟ್ಟಿ ಅಂದರೆ ಪೆಟ್ಟಿ ಅಂಗಡಿ, ಪೆಟ್ಟಿ ಕೇಸು. ಭಾವನ ಮದುವೆಯಲ್ಲಿ ಹಿರಿಯರೊಬ್ಬರು ‘ಹಡಗಲ್ಲಿ ಅಂಗಡಿ ಇಟ್ಟಿದ್ದಾರಂತೆ’ ಅಂತ ಪರಿಚಯ ಮಾಡಿಸಿದ್ದರು. ಕಾರವಾರದ ನೌಕಾನೆಲೆಯಲ್ಲಿ ಇದ್ದಾಗಲೂ ಭಾವನಿಗೆ ಆ ಅಂಗಡಿ ತಪ್ಪಲಿಲ್ಲ. ಅಲ್ಲಿ ಒಳಗೊಳಗೇ ‘ಪಿಒ’, ‘ಚೀಫ್’ ಅಂತ ಕರೆಯುತ್ತಾರೆ. ನೀವು ಪೂರ್ತಿ ‘ಪೆಟ್ಟಿ ಆಫೀಸರ್’ ಅಂತಲೇ ಹೇಳಿ.

ನಮ್ಮ ವಾಯುಪಡೆ ಕತೆಯೂ ಹಾಗೇ. ಏರ್‌ಕ್ರಾಫ್ಟ್ಸ್‌ಮನ್, ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೊರಲ್, ಸಾರ್ಜೆಂಟ್. ಆಮೇಲೆ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಮುಗಿಸಿ ಕೆಲವು ವರ್ಷಕ್ಕೆ ನಾನು ಕಾರ್ಪೊರಲ್ ಆದೆ. ರಜೆಗೆ ಊರಿಗೆ ಹೋದರೆ ‘ಯಾವ ವಾರ್ಡಿಗೆ ಕಾರ್ಪೊರೇಟರ್ ಆದ್ಯೋ?’ ಅಂತ ಕೇಳಿದರು. ವಾರಂಟ್ ಆಫೀಸರ್ ಆದವರ ಪಾಡಂತೂ ಕೇಳಬೇಡಿ, ಕೋರ್ಟಿನಿಂದ ಬಂದವರು ಅಂದುಕೊಳ್ಳುತ್ತಾರೆ. ಸಾರ್ಜೆಂಟ್‌ಗೂ ತೋಳಿನ ಮೇಲೆ ಮೂರು ಪಟ್ಟಿ, ಹವಾಲ್ದಾರ್‌ಗೆ ಸಮ. ‘ಸಾರ್ಜೆಂಟ್ ಮೇಜರ್’ ಅನ್ನಬೇಡಿ, ನಮ್ಮಲ್ಲಿ ಅಂಥ ಶ್ರೇಣಿ ಇಲ್ಲ. ಉಚ್ಚಾರ ‘ಸಾರ್’ ಅಂತಲೇ ಶುರುವಾಗುತ್ತದೆ, ‘ಸರ್ಜೆಂಟ್’ ಅಲ್ಲ.

2022ರ ನಂತರ ಸೇರಿದ ಹುಡುಗರು ಬಂದರೆ ‘ಅಗ್ನಿವೀರ್’ ಅಂತ ಸೇರಿಸಿ ಹೆಸರು ಹೇಳಿ, ಅದೇ ಅವರ ಶ್ರೇಣಿ. ವಾಯುಪಡೆಯವರು ‘ಅಗ್ನಿವೀರ್‌ವಾಯು’.

ಇನ್ನು ಕಾರ್ಡು. ಮೊದಲು ಶ್ರೇಣಿ, ಆಮೇಲೆ ಹೆಸರು, ಕೊನೆಗೆ ಆವರಣದಲ್ಲಿ ‘ನಿವೃತ್ತ’. ‘ನಿವೃತ್ತ ಸಾರ್ಜೆಂಟ್ ಇಂಥವರು’ ಅಂತ ಬರೆಯಬೇಡಿ. ನಿವೃತ್ತಿಯಾಗುವುದು ಮನುಷ್ಯ, ಶ್ರೇಣಿ ಅಲ್ಲ ಅನ್ನುವುದು ಸೇನೆಯವರ ಹಳೆಯ ಲೆಕ್ಕ. ‘ಶ್ರೀ’ ಬೇಡ, ಶ್ರೇಣಿ ಇದ್ದಲ್ಲಿ ಅದು ಜಾಸ್ತಿ ಆಗುತ್ತದೆ. ಪದಕ ಇದ್ದರೆ ಹೆಸರಿನ ನಂತರ ಬರಲಿ. ಮೂವರನ್ನೂ ಸೇರಿಸಿ ‘ಸೇನಾಧಿಕಾರಿಗಳು’ ಅಂತ ಮಾತ್ರ ಹಾಕಿಸಬೇಡಿ. ಗೌರವ ಕೊಡಲೆಂದೇ ಹಾಕಿಸುತ್ತೀರಿ, ಗೊತ್ತು. ಆದರೆ ನೋಡಿದ ಇನ್ನೊಬ್ಬ ಮಾಜಿ ಸೈನಿಕ ‘ಯಾವಾಗ ಆಫೀಸರ್ ಆದ್ರಿ?’ ಅಂತ ಕಾಲೆಳೆಯುತ್ತಾನೆ. ‘ಮಾಜಿ ಸೈನಿಕರು’ ಸಾಕು.

ಕರೆಯುವ ಕ್ರಮ: ನಾಯಬ್ ಸುಬೇದಾರ್ ಮೊದಲು, ಅವರೇ ಹಿರಿಯ ಶ್ರೇಣಿ. ಉಳಿದಿಬ್ಬರು ಸಮ, ಅಲ್ಲಿ ನೌಕಾಪಡೆ ಮೊದಲು, ವಾಯುಪಡೆ ಆಮೇಲೆ. ನಾವು ಯಾವಾಗಲೂ ಕೊನೆ, ಅಭ್ಯಾಸ ಆಗಿದೆ.

ಹಿಂದಿನ ದಿನ ಮೂವರಿಗೂ ಫೋನ್ ಮಾಡಿ, ‘ಸರ್, ನಿಮ್ಮ ರ‍್ಯಾಂಕ್ ಹೇಗೆ ಹೇಳಲಿ?’ ಅಂತ ಕೇಳಿಬಿಡಿ. ಬರೆದುಕೊಂಡು ಅವರಿಗೇ ಓದಿ ತೋರಿಸಿ. ಫ್ಲೆಕ್ಸ್ ಪ್ರಿಂಟಿಗೆ ಹೋಗುವ ಮೊದಲು ಆ ‘ಬ್’ ಒಂದನ್ನು ಕಣ್ಣಾರೆ ನೋಡಿ.