ಮನೆಪತ್ರದಲ್ಲಿ ಯಾರ ಹೆಸರು?

ಹೊನ್ನಾವರದ ಓದುಗಿಯೊಬ್ಬರು ಬರೆದಿದ್ದಾರೆ: ‘ಚೀನಾದ ಅವಿವಾಹಿತೆಯರ ಕುರಿತ ಲೇಖನ ಓದಿದೆ. ಇಷ್ಟು ಓದಿ, ಇಷ್ಟು ದುಡಿದೂ ಮದುವೆಗೆ ಒತ್ತಾಯಿಸುವ ಅಪ್ಪ-ಅಮ್ಮನ ಎದುರು “ಒಲ್ಲೆ” ಎನ್ನುವ ಧೈರ್ಯ ಅವರಿಗೆ ಯಾಕಿಲ್ಲ? ಹೆತ್ತವರ ಚಿಂತೆಯನ್ನಾದರೂ ತಪ್ಪೆನ್ನಲು ಆದೀತೇ?’

ಅಮ್ಮಾ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ತಪ್ಪೆನ್ನಲಾರೆ. 1980ರಿಂದ 2015ರವರೆಗೆ ಒಂದೇ ಮಗುವಿನ ಕಟ್ಟಳೆಯಲ್ಲಿ ಬದುಕಿದವರು ಅವರು. ತಮ್ಮ ನಂತರ ಮಗಳಿಗೆ ಯಾರು ಎಂಬ ಆತಂಕ ನಿಜವೇ. ಶಾಂಘೈನ ಪೀಪಲ್ಸ್ ಪಾರ್ಕಿನಲ್ಲಿ ಶನಿವಾರ, ಭಾನುವಾರ ವರ ಹುಡುಕಲು ಬಿಚ್ಚಿದ ಕೊಡೆಗಳ ಮೇಲೆ ಮಗಳ ಹುಟ್ಟಿದ ವರ್ಷ, ಎತ್ತರ, ಓದು, ಸಂಬಳದ ಚೀಟಿ ಅಂಟಿಸಿ ಕೂರುವ ಹಿರಿಯರನ್ನು ನಾನು ಹಂಗಿಸುವುದಿಲ್ಲ.

ಆದರೆ ನಿಮ್ಮ ಮೊದಲ ಪ್ರಶ್ನೆಯನ್ನು ಒಪ್ಪಲಾರೆ. ಇಪ್ಪತ್ತೇಳು ದಾಟಿದರೂ ಮದುವೆಯಾಗದ ಈ ಹೆಣ್ಣುಮಕ್ಕಳನ್ನು ಅಲ್ಲಿ ‘ಶೆಂಗ್‌ನ್ಯೂ’ ಎನ್ನುತ್ತಾರೆ. ಊಟವಾಗಿ ಮಿಕ್ಕ ಅನ್ನಕ್ಕೂ ಅದೇ ‘ಶೆಂಗ್’; ನಮ್ಮ ಮಾತಿನಲ್ಲಿ ತಂಗಳು. 2007ರಲ್ಲಿ ಶಿಕ್ಷಣ ಸಚಿವಾಲಯವೇ ಇದನ್ನು ಹೊಸ ಪದಗಳ ಪಟ್ಟಿಗೆ ಸೇರಿಸಿತು. 2020ರ ಜನಗಣತಿಯಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3.49 ಕೋಟಿ ಹೆಚ್ಚು. ಆದರೂ ಮಿಕ್ಕವಳೆಂಬ ಹೆಸರು ಹೊತ್ತವಳು ಇವಳು. ಸರ್ಕಾರಿ ಮುದ್ರೆ ಒತ್ತಿಸಿಕೊಂಡು ಬರುವ ಅವಮಾನವನ್ನು ಒಬ್ಬೊಬ್ಬಳೂ ಒಂಟಿಯಾಗಿ ಎದುರಿಸಲಿ ಎನ್ನುವುದು ಯಾವ ನ್ಯಾಯ? ಧೈರ್ಯಕ್ಕೆ ಬೆನ್ನಿಗೊಂದು ಗೋಡೆ ಬೇಕು. ಆ ಗೋಡೆ ಅವಳ ಹೆಸರಿನ ಕಾಗದಪತ್ರ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮನೆಯನ್ನೇ ನೋಡಿ. ಇಪ್ಪತ್ತೇಳು ದಾಟಿತೆಂಬ ಗಾಬರಿಯಲ್ಲಿ ಮದುವೆಗೆ ಒಪ್ಪಿದವಳು ತನ್ನ ಉಳಿತಾಯವನ್ನು ಗಂಡನ ಹೆಸರಿನ ಮನೆಯ ಒಳಗೆಲಸ, ಪೀಠೋಪಕರಣ, ಕಾರಿಗೆ ಸುರಿಯುತ್ತಾಳೆ. ಅವೆಲ್ಲ ಸವೆಯುವ ವಸ್ತುಗಳು. 2011ರಲ್ಲಿ ಚೀನಾದ ಸರ್ವೋಚ್ಚ ಜನ ನ್ಯಾಯಾಲಯ ಕೊಟ್ಟ ವ್ಯಾಖ್ಯಾನದಂತೆ, ಮದುವೆಗೆ ಮುಂಚೆ ಒಬ್ಬರು ಮುಂಗಡ ಕಟ್ಟಿ ತಮ್ಮ ಹೆಸರಿಗೆ ಮಾಡಿಸಿಕೊಂಡ ಮನೆ ವಿಚ್ಛೇದನದಲ್ಲಿ ಅವರಿಗೇ ಹೋಗಬಹುದು. ಇನ್ನೊಬ್ಬರಿಗೆ ಸಿಗುವುದು ಜೊತೆಯಾಗಿ ಕಟ್ಟಿದ ಸಾಲದ ಕಂತು ಮತ್ತು ಅದಕ್ಕೆ ತಕ್ಕ ಬೆಲೆಯೇರಿಕೆಯ ಪರಿಹಾರ. ಆದ್ದರಿಂದ ಹಣ ಹಾಕುವವಳು ಆಸ್ತಿಪತ್ರದಲ್ಲಿ ತನ್ನ ಹೆಸರನ್ನೂ ಪಾಲಿನ ಶೇಕಡವನ್ನೂ ಬರೆಸಬೇಕು. ಹಣ ಬ್ಯಾಂಕಿನ ಮೂಲಕವೇ ಹೋಗಬೇಕು, ಕೈಯಿಂದ ಕೈಗಲ್ಲ.

ಮದುವೆಯೇ ಬೇಡವೆಂದವಳನ್ನು ‘ಆಸ್ಪತ್ರೆಯಲ್ಲಿ ಸಹಿ ಹಾಕುವವರ್ಯಾರು?’ ಎಂದು ಹೆದರಿಸುತ್ತಾರೆ. ಇದಕ್ಕೆ ಚೀನಾದ ನಾಗರಿಕ ಸಂಹಿತೆಯ 33ನೇ ಕಲಮಿನಲ್ಲೇ ಉತ್ತರವಿದೆ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ಸಂಬಂಧಿಯನ್ನೋ ಗೆಳತಿಯನ್ನೋ ಒಂದು ಸಂಸ್ಥೆಯನ್ನೋ ಮುಂದಿನ ಪಾಲಕರೆಂದು ಲಿಖಿತವಾಗಿ ಆರಿಸಿಕೊಳ್ಳಬಹುದು. ಬಾಯಿಮಾತು ಸಲ್ಲದು. ನೋಟರಿ ಕಡ್ಡಾಯವಲ್ಲ, ಆದರೂ ಆಸ್ಪತ್ರೆಯ ಮುಂದೆ ವಾದಿಸುವ ಹೊತ್ತಿಗೆ ಅದಿದ್ದರೆ ಲೇಸು. ಚಿಕಿತ್ಸೆಯ ನಿರ್ಧಾರ, ಹಣದ ಉಸ್ತುವಾರಿ, ಪಾಲಕರ ಮೇಲೆ ಕಣ್ಣಿಡುವ ಇನ್ನೊಬ್ಬರು, ಮೂರನ್ನೂ ಬೇರೆಬೇರೆಯಾಗಿ ಬರೆಯಬೇಕು. ಅವಳಿಗೆ ಸ್ವಂತ ನಿರ್ಧಾರದ ಶಕ್ತಿ ಹೋದಾಗಲೇ ಇದು ಜಾರಿಗೆ ಬರುತ್ತದೆ.

ಹಲವರು ಎಡವುವುದು ಇಲ್ಲಿಂದ ಮುಂದೆ. ಪಾಲಕತ್ವ ಅವಳ ಸಾವಿನೊಂದಿಗೆ ಮುಗಿಯುತ್ತದೆ, ಆಸ್ತಿ ಗೆಳತಿಗೆ ತಾನಾಗಿ ಹೋಗುವುದಿಲ್ಲ. ಉಯಿಲು ಬೇರೆ ಬೇಕು. ಕೈಬರಹದ್ದಾದರೆ ಪೂರ್ತಿ ಅವಳ ಕೈಯಲ್ಲೇ ಬರೆದು, ಸಹಿ ಹಾಕಿ, ವರ್ಷ-ತಿಂಗಳು-ದಿನ ನಮೂದಿಸಿರಬೇಕು. ಮುದ್ರಿಸಿದ್ದಾದರೆ ಇಬ್ಬರು ಸಾಕ್ಷಿಗಳು ಎದುರಿಗಿರಬೇಕು, ಅವರೂ ಅವಳೂ ಪ್ರತಿ ಪುಟದಲ್ಲೂ ಸಹಿ ಮತ್ತು ದಿನಾಂಕ ಹಾಕಬೇಕು. ಕೊನೆಯ ಪುಟದಲ್ಲಿ ಮಾತ್ರ ಸಹಿಯಿದ್ದರೆ ತಕರಾರು ಖಚಿತ. ಉಯಿಲಿಲ್ಲದೆ, ವಾರಸುದಾರರೂ ಇಲ್ಲದೆ ಹೋದರೆ ನಗರದವಳ ಮನೆ ಸರ್ಕಾರದ ಪಾಲು.

ನನ್ನ ಸಿಟ್ಟು ಇನ್ನೊಂದಿದೆ. ಅಲ್ಲಿ 2013ರಲ್ಲಿ ಸುಮಾರು 1.35 ಕೋಟಿ ಜೋಡಿ ಮದುವೆ ನೋಂದಾಯಿಸಿದ್ದರು, 2024ರಲ್ಲಿ 61 ಲಕ್ಷ. ಕೂಡಲೇ ನಿಯಮ ಸಡಿಲವಾಯಿತು: 2025ರ ಮೇ 10ರಿಂದ ಮದುವೆಗೆ ‘ಹುಕೌ’ ಎಂಬ ಕುಟುಂಬ ನೋಂದಣಿ ಪುಸ್ತಕ ಬೇಕಿಲ್ಲ, ಗುರುತಿನ ಚೀಟಿ ಸಾಕು. ಒಳ್ಳೆಯದೇ, ಆ ಪುಸ್ತಕ ಹೆತ್ತವರ ಪೆಟ್ಟಿಗೆಯಲ್ಲಿರುತ್ತಿತ್ತು. ಆದರೆ ಒಂಟಿಯಾಗಿ ಬಾಳುವವಳ ಪಾಲಿಗೆ ಸಡಿಲವಾದದ್ದು ಕಡಿಮೆ. ಷು ಜಾವ್‌ಜಾವ್ ಎಂಬ ಹೆಸರಿನಿಂದ ದೇಶಕ್ಕೇ ಗೊತ್ತಿರುವ ಹೆಂಗಸು 2018ರಲ್ಲಿ ತನ್ನ ಅಂಡಾಣು ಶೀತಲೀಕರಿಸಿಡಲು ಬೀಜಿಂಗಿನ ಆಸ್ಪತ್ರೆಯೊಂದಕ್ಕೆ ಹೋದರು. ಮದುವೆಯಾಗಿಲ್ಲವೆಂದು ಆಸ್ಪತ್ರೆ ನಿರಾಕರಿಸಿತು. ಅವರು ದಾವೆ ಹೂಡಿದರು, 2022ರಲ್ಲಿ ಸೋತರು, ಮೇಲ್ಮನವಿ ಹಾಕಿದರು, 2024ರಲ್ಲಿ ಮತ್ತೆ ಸೋತರು. ಅವರಿಗೆ ಧೈರ್ಯ ಕಡಿಮೆಯಿತ್ತೇ, ಅಮ್ಮಾ?