ತಂಗಡಿಗೆ ಜೇನುಪೆಟ್ಟಿಗೆ ಬೇಡ, ಒಣಬಿದಿರು ಇರಲಿ

ಚಿತ್ರದುರ್ಗ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮ ಬದುವಿನ ತಂಗಡಿ ಗಿಡಗಳಲ್ಲಿ ಮೈತುಂಬ ಹೂ, ಕಾಯಿ ಮಾತ್ರ ಬೆರಳೆಣಿಕೆಯಷ್ಟು. ಜೇನುಪೆಟ್ಟಿಗೆ ಇಟ್ಟರೆ ಸರಿಹೋದೀತೆ? ಜೋಗಿಮಟ್ಟಿ ಕಡೆಯಿಂದ ಬೀಜ ತಂದು ಬಿತ್ತಿದೆ, ಒಂದೂ ಹುಟ್ಟಲಿಲ್ಲ.’

ಸಂಪಾದಕರ ಉತ್ತರ:

ನಿಮ್ಮದು ತಂಗಡಿಯೇ, ಅಂದರೆ ಆವರಿಕೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ರಸ್ತೆ ಬದಿಗೆ ನೆಡುವ ಸೀಮೆ ತಂಗಡಿ ಮರವೇ ಬೇರೆ. ಆವರಿಕೆಯ ಎಲೆದಂಟಿನ ಬುಡದಲ್ಲಿ ಕಿವಿಯಂಥ ಅಗಲವಾದ ಎರಡು ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. ಆ ‘ಆರಿಕ್ಯುಲೇಟಾ’ ಈ ಕಿವಿಯನ್ನೇ ಹೇಳುತ್ತದೆ.

ಜೇನುಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಈ ಹೂವಿನಲ್ಲಿ ಮಕರಂದವೇ ಇಲ್ಲ, ಇರುವುದು ಪರಾಗ ಒಂದೇ. ಅದೂ ಸುಲಭಕ್ಕೆ ಸಿಗದು. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವುಗಳ ಪರಾಗಕೋಶ ಸೀಳಿ ಬಿಚ್ಚಿಕೊಳ್ಳುವುದಿಲ್ಲ, ತುದಿಯ ಸಣ್ಣ ರಂಧ್ರದಿಂದ ಪುಡಿ ಉದುರಬೇಕು. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ತಬ್ಬಿ, ರೆಕ್ಕೆ ಆಡಿಸದೆ ಎದೆಯ ಸ್ನಾಯುಗಳನ್ನಷ್ಟೇ ಗುಂಯ್‌ಗುಟ್ಟಿಸುತ್ತದೆ. ಆ ನಡುಕಕ್ಕೆ ಪರಾಗ ಚಿಮ್ಮಿ ಅದರ ಮೈಗೆ ಮೆತ್ತುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಬಾರದು, ಉದುರಿದ ಪುಡಿ ಬಳಿದುಕೊಂಡು ಹೋಗುತ್ತದೆ ಅಷ್ಟೆ. (ಎಲೆದಂಟಿನ ಮೇಲೆ ಎಲೆಜೋಡಿಗಳ ನಡುವೆ ಸಿಹಿರಸದ ಗ್ರಂಥಿಗಳಿವೆ. ಇರುವೆ ಸಾಲು ಕಂಡರೆ ಅದಕ್ಕೇ, ಗಾಬರಿ ಬೇಡ.)

ಆದ್ದರಿಂದ ನಿಮಗೆ ಬೇಕಾದದ್ದು ದುಂಬಿಗೆ ಮನೆ. ಹೊಲವನ್ನು ಚೊಕ್ಕಟ ಮಾಡುವ ಭರದಲ್ಲಿ ಒಣಕೊಂಬೆ, ಹಳೆ ಗೂಟಗಳನ್ನೆಲ್ಲ ಒಲೆಗೆ ಹಾಕಿದರೆ ದುಂಬಿ ಎಲ್ಲಿ ಗೂಡು ಕಟ್ಟೀತು? ಹೆಬ್ಬೆರಳು ತೂರುವಷ್ಟು ಟೊಳ್ಳಿನ ಒಣಬಿದಿರನ್ನು, ಒಂದು ತುದಿಯಲ್ಲಿ ಗೆಣ್ಣು ಉಳಿಯುವಂತೆ ಕತ್ತರಿಸಿ, ಮಳೆ ಬೀಳದ ಸೂರಿನಡಿ ಅಡ್ಡಲಾಗಿ ಕಟ್ಟಿ. ಪಕ್ಕದ ಈರುಳ್ಳಿಗೋ ದಾಳಿಂಬೆಗೋ ಕೀಟನಾಶಕ ಹೊಡೆಯುವುದಿದ್ದರೆ ಸಂಜೆ ಹೊಡೆಯಿರಿ, ಬೆಳಿಗ್ಗೆ ದುಂಬಿ ದುಡಿಯುವ ಹೊತ್ತು. ಇನ್ನು ಕಷಾಯಕ್ಕೆಂದು ಮನೆಯವರು ದಿನವೂ ಹೂ ಕೊಯ್ಯುತ್ತಿದ್ದರೆ ದುಂಬಿಯನ್ನು ದೂರುವಂತಿಲ್ಲ.

ಬೀಜದ ಮಾತು. ಜೋಗಿಮಟ್ಟಿ ವನ್ಯಧಾಮ, ಅಲ್ಲಿಂದ ತರಬೇಡಿ. ರಸ್ತೆ ಬದಿಯಲ್ಲೇ ಬೇಕಾದಷ್ಟಿದೆ. ಕಂದುಬಣ್ಣಕ್ಕೆ ಒಣಗಿದ, ಕಾಗದದಂತೆ ಚಪ್ಪಟೆಯಾದ ಕಾಯಿ ಆರಿಸಿ. ದುಂಡು ತೂತಿದ್ದ ಬೀಜವನ್ನು ಹುಳ ಒಳಗೇ ತಿಂದಿರುತ್ತದೆ, ಎಸೆಯಿರಿ. ಒಳ್ಳೆಯ ಬೀಜವೂ ಸುಮ್ಮನೆ ಬಿತ್ತಿದರೆ ಮೊಳೆಯದು: ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಒಂದು ಹದಮಳೆ ನಂಬಿ ಎಲ್ಲ ಬೀಜ ಒಟ್ಟಿಗೆ ಮೊಳೆತರೆ, ಮುಂದೆ ಮುಂಗಾರು ಕೈಕೊಟ್ಟಾಗ ಸಂತಾನವೇ ಹೋದೀತು. ನಮ್ಮ ಬಯಲುಸೀಮೆಗೆ ತಕ್ಕ ಬುದ್ಧಿ.

ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಿ. ಬೀಜದ ಹತ್ತು ಪಟ್ಟು ನೀರಿರಲಿ. ಒಲೆಯ ಮೇಲೇ ಬೀಜ ಕುದಿಸಿದರೆ ಬೆಂದುಹೋಗುತ್ತದೆ. ರಾತ್ರಿಯಿಡೀ ಆರಲು ಬಿಟ್ಟು, ಉಬ್ಬಿದವನ್ನು ಅಂದೇ ಬಿತ್ತಿ. ಉಬ್ಬದವನ್ನು ಮರಳುಕಾಗದದ ಮೇಲೆ ಪಕ್ಕಕ್ಕೆ ತುಸು ಉಜ್ಜಿ ಮತ್ತೆ ನೆನೆಸಿ. ಚೂಪು ತುದಿ ಉಜ್ಜಬೇಡಿ, ಮೊಳಕೆ ಬರುವುದು ಅಲ್ಲಿಂದಲೇ. ಎರಡು ಪಾಲು ಕೆಮ್ಮಣ್ಣು, ಒಂದೊಂದು ಪಾಲು ಮರಳು, ಗೊಬ್ಬರ ತುಂಬಿದ ಉದ್ದನೆಯ ಚೀಲದಲ್ಲಿ 1 ಸೆಂ.ಮೀ. ಆಳಕ್ಕೆ ಹಾಕಿ. ಗಿಡ್ಡ ಚೀಲದಲ್ಲಿ ತಾಯಿಬೇರು ಸುರುಳಿ ಸುತ್ತಿ, ನೆಟ್ಟ ಮೇಲೆ ಗಿಡ ಸೊರಗುತ್ತದೆ. ಮಾರ್ಚ್‌ನಲ್ಲಿ ಬಿತ್ತಿದರೆ ಜೂನ್–ಜುಲೈ ಮಳೆಗೆ ನೆಡಬಹುದು. ಆಡು, ಕುರಿ ಇದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲವಾದ್ದರಿಂದ ಬೇಲಿಯ ಖರ್ಚು ಉಳಿಯುತ್ತದೆ.

ಚಿಗುರೆಲೆಯನ್ನು ಹಸಿರು ಕಂಬಳಿಹುಳ ಮೇಯುವುದು ಕಂಡರೆ ಔಷಧ ಹೊಡೆಯಬೇಡಿ. ಅದು ಹಳದಿ ಚಿಟ್ಟೆಯ ಮರಿ. ಗಿಡ ಮತ್ತೆ ಚಿಗುರಿಕೊಳ್ಳುತ್ತದೆ.

–ಸಂ.