ಭಾನುವಾರ ಸಂಜೆಯ ರೈಲು, ಬ್ಯಾಂಕಾಕ್ ಕೆಲಸ

(ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಚೈತ್ರಾ ಅಂತ ಇಟ್ಟುಕೊಳ್ಳೋಣ. 29 ವರ್ಷ, ತಿಪಟೂರು ಕಡೆಯವಳು. ಬೆಂಗಳೂರಿನಲ್ಲಿ ಆಡಿಟ್ ಕೆಲಸ, ಆರು ವರ್ಷದಲ್ಲಿ ಇದು ಮೂರನೇ ಕಂಪನಿ. ಒಂದು ಶನಿವಾರ ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ನನ್ನ ಹತ್ತಿರ ಸಲಹೆ ಕೇಳೋಕೆ ಬಂದಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹೋದ ತಿಂಗಳ ಸಂಬಳದ ಸ್ಲಿಪ್ಪಿನವರೆಗೆ ಎಲ್ಲಾ ಇತ್ತು. ನಂದೇ ವೀಸಾ ಆಫೀಸು ಅನ್ನೋ ಹಾಗೆ ಮೇಜಿನ ಮೇಲೆ ಹರಡಿದಳು.

"ಒಂದೆರಡು ವರ್ಷ ಎಲ್ಲಾದ್ರೂ ಹೊರಗೆ ಇದ್ದು ಬರ್ತೀನಿ ಮೇಡಂ. ಯಾವ ಕೆಲಸ ಆದ್ರೂ ಸರಿ. ಇಲ್ಲಿ ಕೂರೋಕೆ ಆಗ್ತಿಲ್ಲ."

ಊಟ, ನಿದ್ದೆ ವಿಚಾರಿಸಿದೆ, ತೊಂದರೆ ಇರಲಿಲ್ಲ. ಬರೀ ಚಡಪಡಿಕೆ. ಈ ಯೋಚನೆ ಯಾವಾಗ ಜಾಸ್ತಿ ಬರುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಭಾನುವಾರ ಸಂಜೆ ಊರಿಂದ ವಾಪಸ್ ಬರೋ ರೈಲಿನಲ್ಲಿ ಅಂದಳು. ಕಾಲ ಹತ್ತಿರ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ, ತಲೆಯಲ್ಲಿ ಆವತ್ತು ನೋಡೋಕೆ ಬಂದಿದ್ದ ಗಂಡಿನ ಕಡೆಯವರ ಪ್ರಶ್ನೆಗಳು. ತುಮಕೂರು ದಾಟುವಷ್ಟರಲ್ಲಿ ಫೋನಿನಲ್ಲಿ ಕೆಲಸ ಹುಡುಕೋಕೆ ಶುರು.

ಹಾಗೆ ಒಂದು ರಾತ್ರಿ ಸಿಕ್ಕಿದ್ದು ಬ್ಯಾಂಕಾಕ್ ಕೆಲಸ. ಡೇಟಾ ಎಂಟ್ರಿ, ತಿಂಗಳಿಗೆ 1 ಲಕ್ಷ 10 ಸಾವಿರ. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸಿ ಕೊಡ್ತೀವಿ ಅಂತ ವಾಟ್ಸಾಪ್‌ನಲ್ಲೇ ಮಾತು. 'ಫೈಲ್ ಚಾರ್ಜ್' ಅಂತ 15 ಸಾವಿರ ಕಟ್ಟಿಯೂ ಆಗಿತ್ತು.

ಇನ್ನೊಬ್ಬರ ಕಂಪನಿ ಲೆಕ್ಕದಲ್ಲಿ ನೂರು ರೂಪಾಯಿ ತಪ್ಪಿದ್ರೂ ಹಿಡಿಯೋ ಹುಡುಗಿ ಇವಳು! ಆತುರದಲ್ಲಿರೋರಿಗೆ ರಸೀದಿ ಕೇಳೋದೂ ನೆನಪಾಗಲ್ಲ. ಆ ಏಜೆಂಟರು ಮಾರೋದೂ ಆತುರಕ್ಕೇ.

ಆಮೇಲೆ ನಾನೊಂದು ತಪ್ಪು ಮಾಡಿದೆ. "ಹಾಗಾದ್ರೆ ಮದುವೆ ಮಾತು ತಪ್ಪಿಸ್ಕೊಳ್ಳೋಕೆ ಹೊರಟಿದ್ದೀರಾ" ಅಂದುಬಿಟ್ಟೆ. ಟಪ್ ಅಂತ ಫೈಲಿನ ಗುಂಡಿ ಹಾಕಿದಳು. "ಅದೂ ಇದೆ. ಆದ್ರೆ ಡಿಗ್ರಿ ಓದುವಾಗಿಂದ್ಲೂ ನನಗೆ ಹೋಗ್ಬೇಕು ಅಂತಿದೆ, ಅದನ್ನ ಯಾರೂ ನಂಬಲ್ಲ." ಎರಡೂ ನಿಜ ಇರಬಹುದಲ್ವಾ? ನಾನು ಒಂದನ್ನೇ ಹಿಡಿದುಕೊಂಡಿದ್ದೆ. ಕ್ಷಮೆ ಕೇಳಿದೆ.

ಮೊದಲು ಬ್ಯಾಂಕಾಕ್ ಬಿಡಿಸಿದೆ. ಇಂಥದ್ದೇ ಕೆಲಸ ನಂಬಿ ಥಾಯ್ಲೆಂಡಿಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ಸೈಬರ್ ವಂಚನೆಗೆ ಕೂರಿಸಿದ್ದಾರೆ. ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹೊರದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿರಬೇಕು, ಹೆಸರು ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಶುಲ್ಕವೂ 30 ಸಾವಿರ ಮತ್ತು ಜಿಎಸ್‌ಟಿ, ಅಷ್ಟೇ. ಇವಳ ಏಜೆಂಟ್ ಆ ಪಟ್ಟಿಯಲ್ಲಿ ಇರಲಿಲ್ಲ. 15 ಸಾವಿರ ವಾಪಸ್ ಬರಲಿಲ್ಲ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿಸಿದೆ.

ಸರಿಯಾದ ದಾರಿ ಇಲ್ಲದೇ ಇಲ್ಲ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಯೋಜನೆಯಲ್ಲಿ ಡಿಗ್ರಿ ಇದ್ದವರು ಎರಡು ವರ್ಷದವರೆಗೆ ಇದ್ದು ಕೆಲಸ ಮಾಡಬಹುದು, ಮೊದಲೇ ಕೆಲಸ ಸಿಕ್ಕಿರಬೇಕು ಅಂತೇನಿಲ್ಲ. ಆದರೆ ಲಾಟರಿ. ಹೆಸರು ಹಾಕೋದು ಉಚಿತ, ಬಾಗಿಲು ತೆರೆಯೋದು ಎರಡೇ ದಿನ. ಹೆಸರು ಬಂದರೆ ಖಾತೆಯಲ್ಲಿ 2,530 ಪೌಂಡ್ 28 ದಿನ ಕದಲದೆ ಇರಬೇಕು, ಎರಡು ವರ್ಷದ ಆರೋಗ್ಯ ಶುಲ್ಕ 1,552 ಪೌಂಡ್ ಬೇರೆ. 31 ತುಂಬಿದ ಮೇಲೆ ಅವಕಾಶ ಇಲ್ಲ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾದ್ದೂ ಚೀಟಿ ಎತ್ತೋದೇ, ಭಾರತೀಯರಿಗೆ ವರ್ಷಕ್ಕೆ 1,000 ವೀಸಾ. ಅಲ್ಲಿ ಆಡಿಟ್ ಕೆಲಸವೇ ಸಿಗುತ್ತೆ ಅನ್ನೋ ಆಸೆ ಬೇಡ, ಕೆಫೆಯಲ್ಲಿ ತಟ್ಟೆ ಎತ್ತಬೇಕಾದೀತು, ತೋಟದಲ್ಲಿ ಹಣ್ಣು ಕೀಳಬೇಕಾದೀತು ಅಂತಲೂ ಹೇಳಿದೆ. "ಮನೇಲಿ ತೆಂಗಿನಕಾಯಿ ಸುಲಿದಿದ್ದೀನಿ ಬಿಡಿ" ಅಂದು ನಕ್ಕಳು. ಮೊದಲ ಸಲ ನಕ್ಕಿದ್ದು.

ಚೀಟಿಯಲ್ಲಿ ಹೆಸರು ಬರೋವರೆಗೆ ರಾಜೀನಾಮೆ ಕೊಡಬೇಡಿ ಅಂದೆ. ಬಂದರೆ ಮೊದಲು ಸಂಬಳವಿಲ್ಲದ ರಜೆ ಕೇಳಿ, ಅದಾಗದಿದ್ದರೆ ಮಾತ್ರ ನೋಟಿಸ್. ಸಾಲ ಮಾಡಿ ಹೋಗೋದು ಬೇಡವೇ ಬೇಡ. ಮನೆಯಲ್ಲಿ "ಎಲ್ಲಾದ್ರೂ ಹೋಗ್ತೀನಿ" ಅಂತ ಜಗಳ ಆಡೋ ಬದಲು ದೇಶ, ಖರ್ಚು, ವಾಪಸ್ ಬರೋ ತಿಂಗಳು ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಡಿ ಅಂದೆ. ಅವರು ಕೊಬ್ಬರಿ ಮಂಡಿಯವರು, ಲೆಕ್ಕ ಓದೋಕೆ ಬರುತ್ತೆ.

ಅಮ್ಮ ಮಾತ್ರ ಮದುವೆ ಮಾಡ್ಕೊಂಡು ಗಂಡನ ಜೊತೆ ಹೋಗು ಅಂದರಂತೆ. ಆ ವೀಸಾದಲ್ಲಿ ಗಂಡನನ್ನು ಜೊತೆಗೆ ಕರ್ಕೊಂಡು ಹೋಗೋಕೆ ಆಗಲ್ಲ, ಅವನೂ ಬೇರೆಯಾಗೇ ಅರ್ಜಿ ಹಾಕಬೇಕು ಅಂತ ಇವಳು ತೋರಿಸಿದ ಮೇಲೆ ಆ ಮಾತು ಸದ್ಯಕ್ಕೆ ನಿಂತಿದೆ.

ಮೊದಲ ಚೀಟಿಯಲ್ಲಿ ಹೆಸರು ಬರಲಿಲ್ಲ. ಎರಡು ದಿನ ಅತ್ತಳು. ಮತ್ತೆ ಹಾಕಿದ್ದಾಳೆ. ಹೋದ ವಾರ ಅಪ್ಪನೇ ನನಗೆ ಫೋನ್ ಮಾಡಿದ್ದರು: "ಮೇಡಂ, ಆ ಚೀಟಿ ಎತ್ತೋದು ಯಾವತ್ತು ಅಂತ ಏನಾದ್ರೂ ಗೊತ್ತಾಯ್ತಾ?"